ಕೊನೆಯ ಮಗ್ಗಕ್ಕೆ ಕೇಬಲ್

ಅಂಜನಮ್ಮನ ಬಲಗೈ ಆರು ತಿಂಗಳಿಂದ ಜುಮ್ಮೆನ್ನುತ್ತಿತ್ತು. ಮಗ್ಗದ ಮುಂದೆ ನಿಂತರಂತೂ ಬೆರಳಿಂದ ಮೊಣಕೈವರೆಗೆ ಇರುವೆ ಹರಿದಂತೆ. ಅವಳ ತಾಯಿಗೂ ಹೀಗೇ ಶುರುವಾಗಿ ಲಕ್ವ ಹೊಡೆದಿತ್ತು; ಕೊನೆಗೆ ತುತ್ತು ಎತ್ತಲೂ ಮಗಳ ಕೈ ಬೇಕಾಯಿತು. ವಿಷಯ ಗಂಡ ನರಸಿಂಹಯ್ಯನ ಕಿವಿಗೆ ಬಿದ್ದರೆ ಅಂದೇ ಮಗ್ಗ ಬಿಡಿಸುತ್ತಾನೆ. ಹದಿನಾರನೇ ವಯಸ್ಸಿಗೆ ಹಿಡಿದ ಕೆಲಸ, ಬಿಟ್ಟು ಬದುಕುವುದುಂಟೇ? ಹಾಗಾಗಿ ಈ ಮಹಾತಾಯಿ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಬಾಯಿ ಮುಚ್ಚಿಕೊಂಡಿದ್ದಳು.

ದೊಡ್ಡಬಳ್ಳಾಪುರದ ಅವರ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ. ಸೀರೆಯ ಡಿಸೈನು ಇನ್ನು ಮೇಲೆ ಕಂಪ್ಯೂಟರಿನಿಂದ ಕೇಬಲ್ ಮೂಲಕ ನೇರ ಮಗ್ಗಕ್ಕೇ ಬರಲಿ ಎಂದು ನರಸಿಂಹಯ್ಯ ನೆಟ್‌ವರ್ಕ್ ಹಾಕಿಸಲು ಹೊರಟಿದ್ದ. ಶುಕ್ರವಾರ ಬೆಳಿಗ್ಗೆ ಅನಿತ ಎಂಬ ಹುಡುಗಿ ಕೇಬಲ್ ಸುರುಳಿ ಹೊತ್ತು ಬಂದಳು. ಅಂಜನಮ್ಮ ಆಗತಾನೇ ನೆಲ ತೊಳೆದು ಮಗ್ಗಗಳಿಗೆ ಕುಂಕುಮ ಇಟ್ಟಿದ್ದಳು.

"ಬೂಟು ಆಚೆ ಬಿಡಮ್ಮ. ಮಗ್ಗ ಇರೋ ಜಾಗ," ಎಂದ ನರಸಿಂಹಯ್ಯ.

"ಕೈ ಮುಗೀತೀನಿ ಸಾರ್, ಬೂಟು ಮಾತ್ರ ಬಿಚ್ಚಲ್ಲ. ನೆಲ ಒದ್ದೆ ಐತೆ, ಕರೆಂಟ್ ಕೆಲಸ."

ನರಸಿಂಹಯ್ಯ ಗೊಣಗಿದ. ಮೋಟರಿನ ವೈರಿನ ಜೊತೆಗೇ ಕೇಬಲನ್ನೂ ಕಟ್ಟಿಬಿಡು, ಬೇಗ ಮುಗಿಯುತ್ತೆ ಎಂದ. ಅನಿತ ಅದಕ್ಕೂ ಒಪ್ಪದೆ ಎದುರು ಗೋಡೆಗೆ ಬೇರೆ ಪೈಪು ಹೊಡೆದು ಎಳೆದಳು. ಕೇಬಲ್ ಸಿಕ್ಕಿಸುವ ಪೆಟ್ಟಿಗೆ ಕೂರಿಸುವ ಮುಂಚೆ ಪ್ರತಿ ಮಗ್ಗದ ಕಬ್ಬಿಣಕ್ಕೂ ಕರೆಂಟ್ ಅಳೆಯುವ ಮೀಟರ್ ಹಿಡಿದು ನೋಡಿದಳು. ಮೂರು ಮಗ್ಗ ಸರಿಯಿದ್ದವು. ನಾಲ್ಕನೆಯದಕ್ಕೆ ಹಿಡಿದವಳು ಹಿಂದೆ ಸರಿದು ಸೀದಾ ಹೋಗಿ ಮೇನ್ ಸ್ವಿಚ್ ಆರಿಸಿಬಿಟ್ಟಳು.

"ಈ ಮಗ್ಗ ಯಾರು ನೇಯೋದು?"

"ನಾನೇ ಕಣಮ್ಮ," ಎಂದಳು ಅಂಜನಮ್ಮ.

"ಕೈ ಜುಂ ಅನ್ನಲ್ವಾ ಅಮ್ಮ?"

ಅಂಜನಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹೆತ್ತ ಮಕ್ಕಳಿಗೂ ಹೇಳದ ಮಾತು ಈ ಹುಡುಗಿಗೆ ಹೇಗೆ ಗೊತ್ತಾಯಿತು?

"ಮೋಟರಿನ ಕರೆಂಟು ಮಗ್ಗದ ಮೈಗೆ ಹರೀತೈತೆ. ನೆಲಕ್ಕೆ ಇಳಿಸೋ ಅರ್ತ್ ತಂತಿನೇ ಇಲ್ಲ ಇದಕ್ಕೆ. ಬರಿಗಾಲಲ್ಲಿ ನಿಂತ್ಕೊಂಡು ಮುಟ್ತೀರ, ನಿಮ್ಮ ಮೈಯಿಂದ ಇಳೀತೈತೆ. ಯಾರು ಕಿತ್ತಿದ್ದು?"

ನರಸಿಂಹಯ್ಯ ಇಂಗು ತಿಂದ ಮಂಗನಂತೆ ನಿಂತಿದ್ದ.

"ನಾನೇ," ಎಂದ ಮೆಲ್ಲಗೆ. "ಸಂಕ್ರಾಂತಿ ಆದ್ಮೇಲೆ ದಿನಕ್ಕೆ ನಾಲ್ಕು ಸಲ ಮೇನ್ ಸ್ವಿಚ್ ತಾನಾಗೇ ಬಿದ್ದು ಟ್ರಿಪ್ ಆಗ್ತಿತ್ತು. ಎಲ್ಲಾ ಮಗ್ಗ ನಿಲ್ಲೋದು, ಎಳೆ ಕಿತ್ತೋಗೋದು. ಇವಳು ಬೆನ್ನು ಬಗ್ಗಿಸ್ಕೊಂಡು ಒಂದೊಂದೇ ಗಂಟು ಹಾಕೋಳು. ನೋಡಕ್ಕಾಗ್ಲಿಲ್ಲ. ಆ ತಂತಿ ಕಿತ್ತೆ, ಟ್ರಿಪ್ ನಿಂತೋಯ್ತು."

"ಟ್ರಿಪ್ ಆಗಿ ಇವರನ್ನ ಉಳಿಸ್ತಿತ್ತು ಸಾರ್," ಎಂದಳು ಅನಿತ.

ಅಂಜನಮ್ಮ ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಹೋದ ಜೀವ ಬಂದಂತಾಗಿತ್ತು.

"ಅಮ್ಮಂಗೆ ಬಂದಿದ್ದು ನಂಗೂ ಬಂತು ಅಂದ್ಕೊಂಡಿದ್ದೆ ಕಣ್ರೀ. ಆರು ತಿಂಗಳಿಂದ."

ನರಸಿಂಹಯ್ಯ ಅವಳತ್ತ ತಿರುಗಿದ. "ಒಂದ್ಮಾತು ಹೇಳೋದಲ್ವೇನೇ?"

"ನೀವು ಹೇಳಿದ್ರಾ, ತಂತಿ ಕಿತ್ತಿದ್ದು?"

ಮೋಟರು ರಿಪೇರಿಯಾಗಿ ಅರ್ತ್ ತಂತಿ ಬರುವವರೆಗೆ ಈ ಮಗ್ಗ ಮುಟ್ಟಬೇಡಿ, ಕೈಯನ್ನು ಒಮ್ಮೆ ಡಾಕ್ಟರಿಗೂ ತೋರಿಸಿ ಎಂದು ಹೇಳಿ ಅನಿತ ಆ ಮಗ್ಗದ ಪೆಟ್ಟಿಗೆಯನ್ನು ವಾಪಸ್ ಚೀಲಕ್ಕಿಟ್ಟಳು.

ನರಸಿಂಹಯ್ಯ ಹೆಂಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹೊರಗಿನವರ ಎದುರು ಎಂಬ ಸಂಕೋಚವನ್ನೂ ಬಿಟ್ಟು ಅವಳ ಬಲಗೈ ಹಿಡಿದು ಒಂದೊಂದೇ ಬೆರಳು ಒತ್ತಿದ. "ಇದು ಗೊತ್ತಾಗುತ್ತಾ? ಇದು?"

ಎಲ್ಲವೂ ಗೊತ್ತಾಗುತ್ತಿತ್ತು. ಆದರೂ ಕಿರುಬೆರಳಿಗೆ ಬಂದಾಗ ಅವಳು, "ಇನ್ನೊಂದ್ಸಲ ಒತ್ತಿ," ಎಂದಳು.