ಸಿದ್ದುವಿನ ಹುಳಿಹಿಟ್ಟು

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷ ಶಿವಲೀಲಾ ಅಲ್ಲೇ ಹತ್ತಿರದ ಡುಲುತ್ ಊರಿನ ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದಳು. ಫ್ರಿಜ್ಜಿನಲ್ಲಿ ಒಂದು ಗಾಜಿನ ಭರಣಿ ಇತ್ತು. ಒಳಗೆ ಬಿಳಿಚಿದ ಹಿಟ್ಟು, ಮೇಲೆ ಸಣ್ಣ ಸಣ್ಣ ಗುಳ್ಳೆ.

"ಅದು ಸಿದ್ದುಂದು. ಮುಟ್ಟಬ್ಯಾಡ," ಎಂದಿದ್ದ ಗಂಡ ಬಸವಕುಮಾರ್.

ಸಿದ್ದು ಎಂದರೆ ಸಿದ್ದೇಶ್ವರಿ, ಅವನ ಮೊದಲ ಹೆಂಡತಿ. ಕಾಯಿಲೆ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿದ್ದಾಗ ಪ್ರತಿ ಶನಿವಾರ ಬೆಳಿಗ್ಗೆ ಈ ಹುಳಿಹಿಟ್ಟನ್ನು ಚೌಕುಳಿ ಅಚ್ಚಿಗೆ ಹೊಯ್ದು ವಾಫಲ್ ಮಾಡುತ್ತಿದ್ದಳಂತೆ. ಅವಳು ಹೋದ ಮೇಲೆ ವಾಫಲ್ ನಿಂತುಹೋಯಿತು, ಹಿಟ್ಟು ಮಾತ್ರ ಉಳಿಯಿತು. ವಾರಕ್ಕೊಮ್ಮೆ ಬಸವಕುಮಾರ್ ಆಫೀಸಿನಿಂದ ಬಂದವನೇ, ಟೈ ಕೂಡ ಬಿಚ್ಚದೆ, ಹುಳಿ ಸಾಯದಿರಲೆಂದು ಅರ್ಧ ಹಿಟ್ಟು ಚೆಲ್ಲಿ ಹೊಸ ಮೈದಾ, ನೀರು ಕಲಸಿಡುತ್ತಿದ್ದ. ಬಾಗಿಲ ಮರೆಯಿಂದ ಅದನ್ನು ನೋಡುವಾಗ ಶಿವಲೀಲಾಗೆ ಮೈ ಜುಮ್ಮೆನ್ನುತ್ತಿತ್ತು. ಸತ್ತವಳ ಕೈಯ ಹಿಟ್ಟು ಇನ್ನೂ ಉಸಿರಾಡುತ್ತಿದೆಯಲ್ಲ! ಮನೆಯಲ್ಲಿ ಒಬ್ಬಳೇ ಇದ್ದಾಗ ಫ್ರಿಜ್ ತೆಗೆಯಲೂ ಅಳುಕು.

ಒಂದು ಶುಕ್ರವಾರ ಸಂಜೆ ಸಿದ್ದುವಿನ ಮಗಳು ನಮ್ರತಾ ಹತ್ತಿರ ಬಂದು ನಿಂತಳು.

"ಆಂಟಿ, ನಾಳೆ ವಾಫಲ್ ಮಾಡ್ತೀರಾ? ಪ್ಲೀಸ್?"

ಆ ಮಗು ಅವಳ ಬಳಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಬಸವಕುಮಾರ್ ಹೊರಗೆ ಹುಲ್ಲು ಕತ್ತರಿಸುತ್ತಿದ್ದಾಗ ಶಿವಲೀಲಾ ಭರಣಿಯಿಂದ ಅರ್ಧ ಹಿಟ್ಟು ತೆಗೆದು, ಮೈದಾ, ಮಜ್ಜಿಗೆ ಕಲಸಿ, ತಣ್ಣಗಿದ್ದ ಓವನ್ನಿನೊಳಗೆ ಮುಚ್ಚಿಟ್ಟಳು. ದೋಸೆ ಹಿಟ್ಟಿನಂಥದ್ದೇ ತಾನೆ ಎಂದು ಧೈರ್ಯ ತಂದುಕೊಂಡಳು.

ಬೆಳಿಗ್ಗೆ ನೋಡಿದರೆ ಹಿಟ್ಟು ಮುಚ್ಚಳವನ್ನೇ ಎತ್ತಿಕೊಂಡು ನಿಂತಿತ್ತು. ಕರಗಿಸಿದ ಬೆಣ್ಣೆ, ಚಿಟಿಕೆ ಸೋಡಾ ಹಾಕಿದೊಡನೆ ನೊರೆನೊರೆಯಾಗಿ ಉಕ್ಕಿತು.

"ಏಲಕ್ಕಿ! ಹೌ ಡಿಡ್ ಯು ನೋ?" ಎಂದಳು ನಮ್ರತಾ. "ಮಮ್ಮಿನೂ ಹಾಕ್ತಿದ್ಲು."

ಶಿವಲೀಲಾ ತನ್ನ ಕೈ ನೋಡಿಕೊಂಡಳು. ಬೆರಳಲ್ಲಿ ಏಲಕ್ಕಿ ಸಿಪ್ಪೆ. ಡಬ್ಬಿ ಯಾವಾಗ ತೆಗೆದೆನೆಂದು ನೆನಪಾಗಲಿಲ್ಲ.

ಕಾದ ಅಚ್ಚಿಗೆ ಹಿಟ್ಟು ಹೊಯ್ದಾಗ ಚುರ್ ಎಂದಿತು. ಹುಳಿ, ಬೆಣ್ಣೆಯ ವಾಸನೆ ಮೆಟ್ಟಿಲೇರಿ ಹೋಯಿತು. ಆಗ ಮೇಲಿಂದ, ಇನ್ನೂ ನಿದ್ದೆಯ ಮಂಪರಿನಲ್ಲಿದ್ದ ಬಸವಕುಮಾರ್‌ನ ದನಿ ಕೇಳಿಸಿತು.

"ಸಿದ್ದೂ, ನಂದು ಸ್ವಲ್ಪ ಕಡಕ್ ಮಾಡು!"

ಅಷ್ಟು ಸುಖದ ದನಿಯನ್ನು ಅವನಲ್ಲಿ ಶಿವಲೀಲಾ ಎಂದೂ ಕೇಳಿರಲಿಲ್ಲ. ನಮ್ರತಾಳ ಮುಖ ಬಿಳಿಚಿಕೊಂಡಿತು.

"ಹೂನ್ರಿ, ಲಗೂ ಬರ್ರಿ."

ಉತ್ತರ ಬಂದದ್ದು ಶಿವಲೀಲಾಳ ಬಾಯಿಂದಲೇ. ಆದರೆ ಅದನ್ನು ಆಡಬೇಕೆಂದು ಅವಳು ಅಂದುಕೊಂಡಿರಲಿಲ್ಲ.

ಧಡಧಡ ಇಳಿದು ಬಂದ ಬಸವಕುಮಾರ್ ಕೊನೆಯ ಮೆಟ್ಟಿಲಲ್ಲಿ ನಿಂತ. ಅವಳನ್ನು ನೋಡಿದ, ಅವಳ ಹಿಂದೆ ಹುಡುಕಿದ. ಆಮೇಲೆ ಅಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಎದ್ದು, ಭರಣಿಯನ್ನು ಸಿಂಕಿಗೆ ಒಯ್ದು ನಲ್ಲಿ ತಿರುಗಿಸಿದ.

"ಇದನ್ನ ಇಟ್ಕೊಂಡಿದ್ದ ತಪ್ಪು. ನಿನಗ ಅನ್ಯಾಯ ಮಾಡೇನಿ."

ಶಿವಲೀಲಾ ಅವನ ಮಣಿಕಟ್ಟು ಹಿಡಿದಳು. "ಚೆಲ್ಲಬ್ಯಾಡ್ರಿ. ಇರ್ಲಿ ಆಕಿ. ಇನ್ನ ಮ್ಯಾಲೆ ನಾನ ನೋಡ್ಕೋತೀನಿ."

"ಅಂಜಿಕಿ ಬರೂದಿಲ್ಲೇನು ನಿನಗ?"

"ಬರ್ತದ," ಎಂದಳು.

ಮೂವರೂ ಕುಳಿತರು. ನಮ್ರತಾ ಜೇನುತುಪ್ಪ ಸುರಿದುಕೊಂಡು ಗಬಗಬ ತಿಂದಳು. ಬಸವಕುಮಾರ್ ಮೊದಲ ತುತ್ತನ್ನು ಬಹಳ ಹೊತ್ತು ಅಗಿದ.

"ಇನ್ನೊಂದು ಹಾಕು, ಶಿವಲೀಲಾ," ಎಂದ, ಹೆಸರು ತಪ್ಪೀತೆಂಬ ಎಚ್ಚರದಲ್ಲಿ.

ಅವಳು ಎದ್ದು ಹಿಟ್ಟಿಗೆ ಸೌಟು ಹಾಕಿದಳು. ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ಶಿವಲೀಲಾ ತಿರುಗಿ ನೋಡಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟಳು.