ಏಳನೇ ಎಸಳು

ನಮ್ಮ ಶೆಡ್ಡಿನ ಕಂಪ್ಯೂಟರಿಗೆ ಹೆಂಡತಿಯ ಹಳೇ ಸೀರೆ ಹೊದಿಸಿದ್ದೇನೆ. ಮರದ ಪುಡಿ ಒಳಗೆ ಹೋದರೆ ಕೆಟ್ಟುಹೋಗುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಹೋದ ವರ್ಷ ಎರಡು ತಿಂಗಳು ಆ ಸೀರೆ ಅಲ್ಲಿದ್ದದ್ದು ಪುಡಿಗೆ ಹೆದರಿ ಅಲ್ಲ, ಏಕಾಂತಪ್ಪನವರ ಕಣ್ಣಿಗೆ ಹೆದರಿ.

ಕೊಟ್ಟೂರಿನಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಇರುವ ಈ ಶೆಡ್ಡಿನಲ್ಲಿ ಮೊದಲು ಅಪ್ಪನ ಟ್ರ್ಯಾಕ್ಟರ್ ನಿಲ್ಲುತ್ತಿತ್ತು. ಅಪ್ಪ ಮರುಳಪ್ಪ ತೀರಿಕೊಂಡ ಮೇಲೆ ಅದನ್ನು ಮಾರಿ, ಮರ ಕೆತ್ತುವ ಸಿಎನ್‌ಸಿ ಮಷಿನ್ ತಂದೆ. ಕಂಪ್ಯೂಟರಿನಲ್ಲಿ ಹೂವು ಬರೆದುಕೊಟ್ಟರೆ ಮಷಿನ್ನು ಅದನ್ನೇ ಹಲಗೆಯ ಮೇಲೆ ಕೆತ್ತುತ್ತದೆ. ನನಗೆ ಉಳಿ ಹಿಡಿಯಲು ಬರುವುದಿಲ್ಲ. ಮೊಳೆ ಹೊಡೆದರೂ ಮೊದಲ ಏಟು ಬೆರಳಿಗೆ, ಎರಡನೆಯದು ಮೊಳೆಗೆ. ಆದರೂ ಶೆಡ್ಡಿನ ಮೇಲೆ ‘ಅರುಣಕುಮಾರ್, ಕಲಾತ್ಮಕ ಬಾಗಿಲುಗಳು’ ಎಂದು ಬೋರ್ಡು ಬರೆಸಿದ್ದೆ. ನಾಚಿಕೆ ಇದ್ದವರು ‘ಬಾಗಿಲುಗಳು’ ಎಂದಷ್ಟೇ ಬರೆಸುತ್ತಿದ್ದರು.

ಕಲೆ ಇದ್ದದ್ದು ಎರಡು ಓಣಿ ಆಚೆಗಿನ ಬಡಿಗೇರ ಏಕಾಂತಪ್ಪನವರ ಕೈಯಲ್ಲಿ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಎಪ್ಪತ್ತು ದಾಟಿದ ಮನುಷ್ಯ, ಒಂದು ಬಾಗಿಲಿಗೆ ನಾಲ್ಕು ತಿಂಗಳು ತೆಗೆದುಕೊಳ್ಳುತ್ತಾರೆ. ಕದದ ನಡುವೆ ಒಂದೇ ಒಂದು ದೊಡ್ಡ ಕಮಲ, ಅದಕ್ಕೆ ನಲವತ್ತು ಎಸಳು. ಮೂವತ್ತೊಂಬತ್ತು ಎಸಳಿಗೆ ಸಣ್ಣ ಸಣ್ಣ ಗೆರೆ ಕೊರೆಯುತ್ತಾರೆ, ಒಂದನ್ನು ಬೋಳಾಗಿ ಬಿಡುತ್ತಾರೆ. ಪೂರಾ ಆದದ್ದಕ್ಕೆ ದೃಷ್ಟಿ ತಾಗುತ್ತದೆ ಎಂಬುದು ಅವರ ನಂಬಿಕೆ. ಒಂದು ಮನೆಗೆ ಬಿಟ್ಟ ಎಸಳನ್ನು ಇನ್ನೊಂದು ಮನೆಗೆ ಬಿಡುವುದಿಲ್ಲ. ಯಾವ ಊರಿನ ಯಾವ ಮನೆಗೆ ಎಷ್ಟನೇ ಎಸಳು ಎಂಬುದನ್ನು ಎಲ್ಲೂ ಬರೆದಿಟ್ಟವರಲ್ಲ, ಎಲ್ಲ ತಲೆಯಲ್ಲೇ. “ಲೇ ಅರುಣಾ, ಮೂವತ್ತೇಳು ಮನಿ ಆದ್ವು. ಇನ್ನ ಮೂರು ಎಸಳು ಉಳದಾವು. ಅವು ಮುಗದ ಮ್ಯಾಲ ಮೈಲಾರಲಿಂಗ ಯಾವಾಗ ಕರದ್ರೂ ನಾ ತಯಾರ,” ಎಂದು ನಗುತ್ತಿದ್ದರು. ಮೂವತ್ತೆಂಟನೆಯದನ್ನು ಹರಪನಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ ಮಗಳು ಪುಷ್ಪಲತಾಳಿಗೆಂದು ಶುರು ಮಾಡಿದ್ದರು.

ನಮ್ಮ ಮನೆಯ ಬಾಗಿಲೂ ಅವರದೇ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಾಡಿದ್ದು. ಮೇಲಿನಿಂದ ಬಲಕ್ಕೆ ಎಣಿಸಿದರೆ ಏಳನೇ ಎಸಳು ಬೋಳು. ಸಾಲೆಯಿಂದ ಬಂದವನು ಅದರ ಮೇಲೆ ಹೆಬ್ಬೆರಳಿಟ್ಟು ಕದ ನೂಕುತ್ತಿದ್ದೆ. ಈಗಲೂ ಅಲ್ಲಿಗೇ ಬೆರಳು ಹೋಗುತ್ತದೆ.

ಹೂವಿನಹಡಗಲಿಯ ಸೋಮಶೇಖರ್ ಮೇಷ್ಟ್ರು ಬಾಗಿಲು ಮಾಡಿಸಲು ಬಂದವರು ಶೆಡ್ಡಿಗೆ ಬರುವ ಮೊದಲು ನಮ್ಮ ಮನೆಯ ಬಾಗಿಲು ನೋಡಿದರು. “ನಮಗ ಇಂಥದ್ದ ಬೇಕ್ರಿ. ಯುಗಾದಿಗೆ ಮನಿ ಒಕ್ಕಲ ಐತಿ,” ಎಂದರು. ಏಕಾಂತಪ್ಪನವರ ಮನೆ ತೋರಿಸಿ ಕಳಿಸಬೇಕಿತ್ತು. “ಆಗ್ತತಿ ಬಿಡ್ರಿ,” ಎಂದುಬಿಟ್ಟೆ.

ಕಮಲದ ಮೇಲೆ ಕಾಗದ ಹಿಡಿದು ಪೆನ್ಸಿಲ್ ತಿಕ್ಕಿದೆ. ಅದರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿಕೊಂಡು, ಮೌಸ್ ಹಿಡಿದು ಎಂಟು ದಿನ ಒಂದೊಂದೇ ಗೆರೆಯ ಮೇಲೆ ಗೆರೆ ಎಳೆದೆ. ಏಳನೇ ಎಸಳಿಗೆ ಬಂದಾಗ ಕೈ ನಿಂತಿತು. ಪಕ್ಕದ ಎಸಳಿನ ಗೆರೆಗಳನ್ನು ತಂದು ಅಲ್ಲಿ ಕೂರಿಸಲು ಎರಡು ನಿಮಿಷ ಸಾಕು. ಕೂರಿಸಲಿಲ್ಲ. ಇದ್ದರೆ ಇರಲಿ, ಕೊಂಡವರಿಗೂ ದೃಷ್ಟಿ ತಾಗದಿರಲಿ ಎಂದುಕೊಂಡೆ. ಅವರ ಹೂವನ್ನು ಕದ್ದದ್ದಲ್ಲದೆ ಹೂವಿಗೆ ಅವರು ಕಟ್ಟಿದ್ದ ಕಾವಲನ್ನೂ ಕದ್ದೆ, ಅದೂ ಭಕ್ತಿಯಿಂದ.

“ಕಾಕಾಗ ಒಂದು ಮಾತು ಕೇಳ್ರಿ,” ಎಂದಳು ಅಮೃತಾ. ನನ್ನ ಹೆಂಡತಿಗೆ ಇಂಥ ಒಳ್ಳೆಯ ಮಾತುಗಳು ಬೇಡದ ಹೊತ್ತಿನಲ್ಲೇ ಬರುತ್ತವೆ.

“ಬಾಗಿಲ ನಮ್ಮದು. ಯಾರನ್ಯಾಕ ಕೇಳ್ಬೇಕು?” ಎಂದು ರೇಗಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಮೇಷ್ಟ್ರ ಬಾಗಿಲು ನೋಡಿದವರು ಅಂಥದ್ದೇ ಕೇಳಿದರು. ಹಗರಿಬೊಮ್ಮನಹಳ್ಳಿಯ ಬಾಗಿಲಂಗಡಿಯೊಂದು ಸಾಲಾಗಿ ತರಿಸಿಕೊಂಡಿತು. ಹೀಗೆ ಹನ್ನೆರಡು ಬಾಗಿಲು ಹೋದವು. ಈ ನಡುವೆ ಒಂದು ದಿನ ಏಕಾಂತಪ್ಪನವರು ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ, “ಲೇ, ನಿನ್ನ ಮಷಿನ್ನಿಗೆ ಏನೇನು ಬರತಾವು?” ಎಂದು ಕೇಳಿದ್ದರು. “ಕಂಪನಿಯವ್ರು ಕೊಟ್ಟ ನವಿಲು, ಗಣಪತಿ, ಅಷ್ಟರಿ ಕಾಕಾ,” ಎಂದೆ. ಕಂಪ್ಯೂಟರಿನ ಮೇಲೆ ಸೀರೆ ಬಂದದ್ದು ಅವತ್ತೇ.

ಹಗರಿಬೊಮ್ಮನಹಳ್ಳಿಯ ಬೆನಕಪ್ಪನವರು ಅಪ್ಪನ ಗೆಳೆಯರು, ಏಕಾಂತಪ್ಪನವರಿಗೂ ಬೇಕಾದವರು. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಕಾಕಾ ಮತ್ತು ನಾನು ನನ್ನ ಬೈಕಿನಲ್ಲಿ ಹೋದೆವು. ಅವರ ಮನೆಗೆ ಯಾವ ಬಾಗಿಲು ಬಂದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೇಟಿನಲ್ಲೇ ಕಂಡಿತು, ಚೆಂಡುಹೂವಿನ ಮಾಲೆಯ ಕೆಳಗೆ ನಮ್ಮ ಮನೆಯ ಕಮಲ.

“ಬರ್ರಿ ಏಕಾಂತಪ್ಪ,” ಎಂದು ಬೆನಕಪ್ಪನವರು ಎದುರು ಬಂದರು. “ನಿಮ್ಮ ಬಾಗಿಲಿಗೆ ಮೊದ್ಲು ನೀವ ಕೈ ಮುಟ್ಟಬೇಕು. ಅಂಗಡಿಯಾವ ಹೇಳಿದ, ಇದು ಕೊಟ್ಟೂರು ಏಕಾಂತಪ್ಪನವರ ಕೈಕೆಲಸ ಅಂತ. ನಂಗ ಒಂದು ಮಾತು ಹೇಳಬಾರದೇನ್ರಿ?” ಎಂದವರೇ ಬಡಿಗೇರರಿಗೆ ಸಲ್ಲುವ ಮರ್ಯಾದೆಯಂತೆ ಹೆಗಲಿಗೆ ಟವೆಲ್ಲು ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟರು.

ಏಕಾಂತಪ್ಪನವರು ಕಾಯಿಯನ್ನು ಎಡಗೈಗೆ ಬದಲಿಸಿ, ಬಲಗೈ ಹೆಬ್ಬೆರಳಿನಿಂದ ಎಸಳು ಎಣಿಸಿದರು. ಏಳರಲ್ಲಿ ಬೆರಳು ನಿಂತಿತು. ಹಿಂದೆ ನಿಂತಿದ್ದ ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದವನು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದೆ.

ವಾಪಸ್ ಬರುವಾಗ ಬೈಕಿನ ಹಿಂದೆ ಕೂತಿದ್ದ ಅವರು ಹಳ್ಳದ ಸೇತುವೆ ದಾಟಿದ ಮೇಲೆ ಕೇಳಿದರು. “ಅರುಣಾ, ಆ ಬಾಗಿಲ ನಾ ಯಾವಾಗ ಮಾಡೀನಿ?”

ನಾನು ಗಾಳಿಗೆ ಕೇಳಿಸದವನಂತೆ ಇದ್ದೆ.

“ಏಳನೇ ಎಸಳು ನಿಮ್ಮ ಮನಿದಲ್ಲೇನು? ಒಂದ ಎಸಳು ಎರಡು ಮನಿಗೆ ಬಿಡಾವನಲ್ಲ ನಾನು. ಬೆರಳಿಗೆ ನನ್ನ ಉಳಿ ಗುರುತು ಹತ್ತಲಿಲ್ಲ. ಕಣ್ಣು ಮೊದ್ಲ ಮಂಜು, ಈಗ ಕೈನೂ ಮರ್ತತಿ ಅನ್ನಸ್ತತಿ.” ಸಣ್ಣ ದನಿಯಲ್ಲಿ ಅಂದರು, “ನಮ್ಮ ನಾಗಪ್ಪಣ್ಣಗ ಹಿಂಗ ಶುರು ಆಗಿತ್ತು.”

ಅವರ ಅಣ್ಣ ನಾಗಪ್ಪ ನನಗೂ ಗೊತ್ತು. ಕಡೆಗಾಲದಲ್ಲಿ ಹೆಂಡತಿಯನ್ನೇ ಯಾರವ್ವ ನೀನು ಎಂದು ಕೇಳುತ್ತಿದ್ದರು. ಬೈಕು ನಿಲ್ಲಿಸಿ ನಿಜ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆಡಿದ ಮಾತು ಇದು:

“ವಯಸ್ಸಾತಲ್ರಿ ಕಾಕಾ. ಮಾಡಿ ಮರ್ತಿರ್ತೀರಿ, ಬಿಡ್ರಿ.”

ನನ್ನ ಹೆಗಲ ಮೇಲಿದ್ದ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡಿತು, ಬಿದ್ದುಬಿಡುತ್ತೇನೆ ಎಂಬ ಭಯ ಹೊಸದಾಗಿ ಬಂದವರ ಹಾಗೆ.

ತಿಂಗಳು ಕಳೆದಿರಬೇಕು, ಅವರ ಹೆಂಡತಿ ಮೈಲಮ್ಮ ನಮ್ಮ ಮನೆಗೆ ಬಂದರು. “ಯಪ್ಪಾ ಅರುಣಾ, ನಿಮ್ಮ ಕಾಕಾಗ ಏನೋ ಆಗೇತಿ. ಉಳಿ ಮುಟ್ಟವಲ್ರು. ಮಗಳ ಬಾಗಿಲು ಅರ್ಧಕ್ಕ ನಿಂತತಿ, ಯಾವ ಎಸಳು ಬಿಡಬೇಕು ತಿಳಿವಲ್ದು ಅಂತಾರ. ದಿನಾ ಬೆಳಿಗ್ಗಿ ಮೊಮ್ಮಕ್ಕಳ ಹೆಸರು ತಾವ ಹೇಳಿಕೊಂಡು, ಸರಿ ಅದಾವೇನು ಅಂತ ನನ್ನ ಕೇಳ್ತಾರ.”

“ಎಲ್ಲಾ ಸರಿ ಹೇಳ್ತಾರೇನ್ರಿ ಚಿಗವ್ವ?”

“ಒಂದೂ ತಪ್ಪಲ್ಲ. ಆದ್ರೂ ನಂಬವಲ್ರು. ಬಸ್ಸು ಹತ್ತಿ ತಮ್ಮ ಬಾಗಿಲು ಎಣಸಾಕ ಊರೂರು ಅಡ್ಡಾಡಾಕ ಹತ್ಯಾರ. ಹಡಗಲ್ಯಾಗೊಂದು, ತೆಲಿಗ್ಯಾಗೊಂದು ಮತ್ತ ಏಳನೇ ಎಸಳಿಂದ ಸಿಕ್ಕಾವಂತ. ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು. ನೀನು ತಿಳಿದಾವ. ದಾವಣಗೆರಿ ಡಾಕ್ಟ್ರ ಹತ್ರ ಕರಕೊಂಡು ಹೋಗಪ್ಪ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮೃತಾ ನನ್ನನ್ನೇ ನೋಡುತ್ತಿದ್ದಳು. ಅವರಿಗೆ ಬೇಕಾದ ಔಷಧಿ ದಾವಣಗೆರೆಯಲ್ಲಿರಲಿಲ್ಲ, ನನ್ನ ಬಾಯಲ್ಲಿತ್ತು. ನಾನು ತಲೆಯಾಡಿಸಿ, “ಬರೋ ಸೋಮವಾರ ಹೋಗೋಣ್ರಿ,” ಎಂದೆ. ಇಂಥ ಹೇಡಿಯನ್ನು ನಾನು ಇನ್ನೊಬ್ಬರಲ್ಲಿ ಕಂಡಿದ್ದರೆ ಮುಖಕ್ಕೆ ಉಗಿಯುತ್ತಿದ್ದೆ.

ಸೋಮವಾರ ಬರಲು ಬಿಡಲಿಲ್ಲ ಕಾಕಾ. ಶನಿವಾರ ಬೆಳಿಗ್ಗೆ ಶೆಡ್ಡಿಗೇ ಬಂದರು. ಯಾವತ್ತೂ ಕಟ್ಟೆ ದಾಟದ ಮನುಷ್ಯ ಒಳಗೆ ಬಂದು, ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ಹಲಗೆಯ ಮೇಲೆ ಬಿಚ್ಚಿದರು. ಹನ್ನೊಂದು ಉಳಿ, ಅವುಗಳ ತಲೆಗೆ ಬಡಿಯುವ ಮರದ ಕೊಡತಿ ಒಂದು.

“ಇವನ್ನ ನೀ ಇಟ್ಕೊ. ಯಾವುದು ಎದಕ್ಕ ಅನ್ನೋದು ನೆನಪಿದ್ದಾಗ ಒಪ್ಪಿಸಿಬಿಡ್ತೀನಿ. ಆಮ್ಯಾಲ ನಾನೂ ಯಾರಿಗೋ ಯಾರವ್ವ ನೀನು ಅಂದ್ರ ಏನು ಮಾಡ್ತಿ?”

ಒಂದೊಂದೇ ಉಳಿ ಎತ್ತಿ ತೋರಿಸತೊಡಗಿದರು. ಇದು ಬಳ್ಳಿಯ ತಿರುವಿಗೆ, ಅಪ್ಪ ಕೊಟ್ಟದ್ದು. ಇದು ಎಸಳಿನ ಅಂಚಿಗೆ, ಹಿಡಿ ಎರಡು ಸಲ ಬದಲಾಗಿದೆ. ಇದು ಗೆರೆಗೆ, ಕೂಡ್ಲಿಗಿಯ ಕಮ್ಮಾರ ಸಾಯುವ ವರ್ಷ ಮಾಡಿದ್ದು. ಎಲ್ಲೂ ತಡವರಿಸಲಿಲ್ಲ. ಆರನೇ ಉಳಿಗೆ ನನ್ನಿಂದ ತಡೆಯಲಾಗಲಿಲ್ಲ. ಎದ್ದು ಹೋಗಿ ಸೀರೆ ಎಳೆದೆ, ಆ ಫೈಲು ತೆರೆದೆ.

“ನಿಮಗೇನೂ ಆಗಿಲ್ಲ ಕಾಕಾ. ಆ ಬಾಗಿಲು ನೀವು ಮಾಡಿದ್ದಲ್ಲ. ನಾ ಮಾಡೀನಿ, ಇದರಾಗ.”

ಕಪ್ಪು ಪರದೆಯ ಮೇಲೆ ಬಿಳಿ ಗೆರೆಯ ಕಮಲ. ಅವರು ಹತ್ತಿರ ಬಂದು, ಗಾಜಿನ ಮೇಲೆ ಹೆಬ್ಬೆರಳಿಟ್ಟು ಎಣಿಸಿದರು. ಏಳರಲ್ಲಿ ನಿಲ್ಲಿಸಿದರು.

“ಎಷ್ಟು?”

“ಹನ್ನೆರಡು.”

“ನಾ ನೋಡಿದ್ದು ಮೂರ,” ಎಂದವರು ಪಕ್ಕದ ಪ್ಲೈವುಡ್ಡಿನ ರಾಶಿಯ ಮೇಲೆ ಕುಸಿದು ಕೂತರು. ಬೈಯುತ್ತಾರೆ, ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ನಾನು ಸಿದ್ಧನಾಗಿದ್ದೆ. ಅವರು ನಕ್ಕರು. ಕಣ್ಣಲ್ಲಿ ನೀರು ಬರುತ್ತಿತ್ತು, ಟವೆಲ್ಲಿನಿಂದ ಒರೆಸಿಕೊಳ್ಳುತ್ತಾ ನಗುತ್ತಿದ್ದರು. “ಹಂಗಾರ ನನ್ನ ತಲಿ ಸರಿ ಐತಿ. ಸರಿ ಐತಿ ಅಲ್ಲೇನಲೇ? ಮೈಲಮ್ಮಗ ಹೇಳ್ಬೇಕು.” ಆ ಸಂತೋಷವನ್ನು ನೋಡುತ್ತಾ ನಿಲ್ಲುವುದಕ್ಕಿಂತ ಹೊಡೆತ ತಿನ್ನುವುದೇ ಸುಖವಾಗಿತ್ತು.

“ಈಗ ಅಳಿಸಿಬಿಡ್ತೀನ್ರಿ ಕಾಕಾ,” ಎಂದು ಮೌಸಿಗೆ ಕೈ ಹಾಕಿದೆ.

“ಅದನ್ನ ಅಳಿಸಿದ್ರ ಹನ್ನೆರಡು ಮನಿ ಬಾಗಿಲ ಅಳಿಸ್ತಾವೇನು? ಬಿಡು.” ನಗು ನಿಂತಿತ್ತು. “ಹೂವು ತಗೊಂಡಿದ್ದಕ್ಕ ನನಗ ಸಿಟ್ಟಿಲ್ಲ. ನಾನೂ ಬಾಗಳಿ ಗುಡಿ ಕಲ್ಲು ನೋಡಿ ಕಲ್ತಾವ. ಕೇಳಿದ್ರ ನಾನ ಕಾಗದದ ಮ್ಯಾಲ ಬರದು ಕೊಡ್ತಿದ್ದೆ. ಆದ್ರ ಅವತ್ತು ಬೈಕಿನ ಮ್ಯಾಲ ನೀ ಏನಂದಿ?”

ನಾನು ಮೌಸಿನಿಂದ ಕೈ ತೆಗೆದೆ.

“ನಾ ಹೇಳ್ತೀನಿ, ತಗೊ. ಹಳ್ಳದ ಸೇತುವಿ ದಾಟಿದ್ವಿ. ‘ವಯಸ್ಸಾತಲ್ರಿ ಕಾಕಾ. ಮಾಡಿ ಮರ್ತಿರ್ತೀರಿ, ಬಿಡ್ರಿ’ ಅಂದಿ. ನನಗ ಎಲ್ಲ ನೆನಪೈತಿ.”

ಗೆರೆ ಕೊರೆಯುವ ಉಳಿಯನ್ನೂ ಕೊಡತಿಯನ್ನೂ ಎತ್ತಿಕೊಂಡು ಶೆಡ್ಡಿನಿಂದ ಹೊರಟರು. ಸೀದಾ ನಮ್ಮ ಮನೆಯ ಬಾಗಿಲಿಗೆ ಹೋದರು. ಅಮೃತಾ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಆಗಷ್ಟೇ ಎದ್ದಿದ್ದಳು. ಅವರು ಏಳನೇ ಎಸಳಿನ ಮೇಲೆ ಉಳಿ ಇಟ್ಟಾಗ ನನಗೆ ತಿಳಿಯಿತು.

“ಬ್ಯಾಡ್ರಿ ಕಾಕಾ. ಅದೊಂದು ಬ್ಯಾಡ್ರಿ,” ಎಂದೆ.

ಕೊಡತಿಯ ಸದ್ದು ನಿಲ್ಲಲಿಲ್ಲ. ಅಮೃತಾ ತಂದ ಚಹಾ ಪಕ್ಕದಲ್ಲೇ ಆರಿಹೋಯಿತು. ಮುಕ್ಕಾಲು ಗಂಟೆಯಲ್ಲಿ ಬೋಳು ಎಸಳಿನ ತುಂಬ ಗೆರೆಗಳು ಬಂದವು, ಉಳಿದ ಮೂವತ್ತೊಂಬತ್ತರಂತೆಯೇ. ಕೈ ಏನನ್ನೂ ಮರೆತಿರಲಿಲ್ಲ. ಪುಡಿಯನ್ನು ಬಾಯಿಂದ ಊದಿ, ಹೆಬ್ಬೆರಳಾಡಿಸಿ ನೋಡಿದರು.

“ಈಗ ಮೂವತ್ತಾರು ಮನಿ. ಏಳನೇದು ಖಾಲಿ ಆತು. ಅದನ್ನ ನನ್ನ ಮಗಳ ಬಾಗಿಲಿಗೆ ಬಿಡ್ತೀನಿ,” ಎಂದು ಅಮೃತಾಳಿಗೆ ಹೇಳಿದರು, ನನಗಲ್ಲ. ಶೆಡ್ಡಿನಲ್ಲಿ ಬಿಟ್ಟಿದ್ದ ಉಳಿಗಳನ್ನೂ ಗಂಟು ಕಟ್ಟಿಕೊಂಡು ಹೋದರು.

ಪುಷ್ಪಲತಾಳ ಬಾಗಿಲು ಮುಗಿಯಿತು. ಹರಪನಹಳ್ಳಿಯ ಆ ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದಿದ್ದರು, ಅಮೃತಾ ಒಬ್ಬಳೇ ಹೋಗಿಬಂದಳು. ನಾನು ಆ ಫೈಲು ಮತ್ತೆ ತೆರೆದಿಲ್ಲ, ಈಗ ನವಿಲು ಗಣಪತಿಗಳನ್ನೇ ಕೆತ್ತುತ್ತೇನೆ. ನಮ್ಮ ಕಮಲ ಪೂರಾ ಆಗಿದೆ ಎಂದು ಅಮೃತಾ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾಳೆ. ಕದ ನೂಕುವಾಗ ಹೆಬ್ಬೆರಳು ಈಗಲೂ ಅಲ್ಲಿಗೇ ಹೋಗುತ್ತದೆ, ಗೆರೆ ತಾಗಿದೊಡನೆ ತೆಗೆಯುತ್ತೇನೆ.

ಏಕಾಂತಪ್ಪನವರು ಮಾತು ಬಿಟ್ಟಿಲ್ಲ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಅವರೇ ನಿಲ್ಲುತ್ತಾರೆ. ನಾನು ಹುಟ್ಟಿದಾಗಿನಿಂದ ಲೇ ಅರುಣಾ ಎಂದೇ ಕರೆದವರು, ಈಗ ಟವೆಲ್ಲು ಸರಿಮಾಡಿಕೊಂಡು, ದೊಡ್ಡ ಮನುಷ್ಯರನ್ನು ಕೇಳುವ ಹಾಗೆ ಕೇಳುತ್ತಾರೆ:

“ಆರಾಮ ಅದೀರೇನ್ರಿ, ಅರುಣಕುಮಾರ್?”