ತಾಯಿ ಸಾಲಿಗೆ ಹಾರಿದ ನೀಲಿ ಪಟ್ಟಿ

"ಬೀಗ ಯಾಕೆ ಅತ್ತಿಗೆ? ಪರದೆ ಮುಂದೆ ನೀವಿದ್ದೀರಲ್ಲ!" ಎಂದು ನಗುತ್ತ ಮೈದುನ ಹಿಟ್ಟು ಕಲಸುವ ಮೂರನೇ ಮಿಕ್ಸರ್‌ನೊಳಗೆ ಇಳಿದಿದ್ದ. ಒಣಗಿ ಕಲ್ಲಾದ ಹಿಟ್ಟನ್ನು ಕೆರೆದು ತೆಗೆಯುವ ಕೆಲಸ. ಒಳಗೆ ಆಳಿರುವಾಗ ಯಾರೂ ಶುರು ಮಾಡದಂತೆ ಸ್ವಿಚ್ಚಿಗೆ ಬೀಳಬೇಕಾದ ಬೀಗ ಅವನ ಜೇಬಿನಲ್ಲೇ ಉಳಿಯಿತು. ಬಿಸ್ಕತ್ತು ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೂತ ಅತ್ತಿಗೆಗೂ ಆ ಮಾತಿಗೆ ಹಿಗ್ಗಾಗಿತ್ತು, ಸುಳ್ಳೇಕೆ ಹೇಳಬೇಕು.

ಅವಳ ಪರದೆಯ ಮೇಲೆ ಇಡೀ ಕಾರ್ಖಾನೆ ಒಂದು ವಂಶವೃಕ್ಷ. 'ಕಲಸುವ ವಿಭಾಗ' ತಾಯಿ ಸಾಲು; ಅದರಡಿ ಮೂರು ಮಿಕ್ಸರ್‌ಗಳು, ಮಕ್ಕಳು. ಮಗುವಿಗೆ ಹೇಳಿದ್ದು ಮಗುವಿಗೆ ಮಾತ್ರ, ತಾಯಿಗೆ ಹೇಳಿದ್ದು ಮನೆಮಂದಿಗೆಲ್ಲ.

"ಎರಡನೇದನ್ನ ಶುರು ಮಾಡಮ್ಮ, ಬೇಗ!" ಬೆನ್ನ ಹಿಂದೆ ಸೂಪರ್‌ವೈಸರ್ ಕುದಿಯುತ್ತಿದ್ದ.

ಆಯ್ದ ಸಾಲನ್ನು ತೋರಿಸುವ ನೀಲಿ ಪಟ್ಟಿಯನ್ನು ಅವಳು ಎರಡನೇ ಮಿಕ್ಸರ್ ಮೇಲೆ ತಂದಿಟ್ಟಳು. ಕೆಳಗಿರುವ ಒಲೆಯ ಸಾಲೂ ಕಾಣಲಿ ಎಂದು ವಿಭಾಗದ ಪಕ್ಕದ ಮೈನಸ್ ಒತ್ತಿ ಮಕ್ಕಳನ್ನು ಮಡಚಿದಳು. ಒಲೆ ಹದವಾಗಿ ಕಾದಿತ್ತು. 'ಶುರು' ಒತ್ತಿದಳು.

ಮಕ್ಕಳನ್ನು ಮಡಚಿದರೆ ನೀಲಿ ಪಟ್ಟಿ ತಾಯಿಯ ಮೇಲೆ ಹಾರಿ ಕೂರುತ್ತದೆ. ದಿನಾ ನೋಡಿದ್ದೇ. ಆದರೆ ಅವಸರಕ್ಕೆ ಕಣ್ಣಿದೆಯೇ? ಸೈರನ್ ಕೂಗಿತು, ಒಂದಲ್ಲ, ಎಲ್ಲ ಮಿಕ್ಸರ್‌ಗಳದ್ದೂ. ಸೈರನ್ ನಿಂತೊಡನೆ ಅಲಗುಗಳು ತಿರುಗುತ್ತವೆ.

"ಅಯ್ಯೋ, ಒಳಗಿದ್ದಾನೆ!"

"ಮೂರನೇದನ್ನ ಮಾತ್ರ ನಿಲ್ಸು! ಎಲ್ಲಾ ನಿಲ್ಸಿದ್ರೆ ಒಂದನೇದರಲ್ಲಿ ಕಲಸ್ತಿರೋ ಹಿಟ್ಟೆಲ್ಲ ಹಾಳು!"

ಮಡಚಿದ ಮಕ್ಕಳನ್ನು ಬಿಡಿಸಲು ಪ್ಲಸ್ ಒತ್ತಿದಳು. ಮೊದಲನೆಯದು ಬಂತು. ಎರಡನೆಯದು ಬಂತು. ಮೂರನೆಯದರ ಜಾಗದಲ್ಲಿ ಬರೀ ಸುತ್ತುವ ಚಕ್ರ. ಹಾಳು ಕಂಪ್ಯೂಟರ್‌ಗೆ ಈಗಲೇ ತೂಕಡಿಕೆ! ಸೈರನ್ ಸಣ್ಣಗಾಯಿತು. ನೀಲಿ ಪಟ್ಟಿ ಇನ್ನೂ ತಾಯಿಯ ಮೇಲೆಯೇ ಇತ್ತು. ಹಿಟ್ಟು ಮಣ್ಣುಪಾಲಾಗಲಿ ಎಂದು 'ನಿಲ್ಲಿಸು' ಒತ್ತಿದಳು.

ಕಾರ್ಖಾನೆಯ ಅರ್ಧ ಸದ್ದೇ ಅಡಗಿತು. ಸೂಪರ್‌ವೈಸರ್ ತಲೆ ಮೇಲೆ ಕೈಹೊತ್ತ. ಅವಳು ಬಾಗಿಲನ್ನೇ ನೋಡುತ್ತ ಕೂತಳು.

ಕೊನೆಗೂ ಮೈದುನ ಬಂದು ನಿಂತ. ಮೈಯೆಲ್ಲ ಹಿಟ್ಟು, ಮುಖ ಅದಕ್ಕಿಂತ ಬಿಳಿ. ಒಂದು ಕಾಲಿನಲ್ಲಿ ಬೂಟಿರಲಿಲ್ಲ. ನಿಲ್ಲುವಷ್ಟರಲ್ಲಿ ಅಲಗು ಅರ್ಧ ಸುತ್ತು ಸುತ್ತಿತ್ತು.

"ಯಾರು ಒತ್ತಿದ್ದು ಅತ್ತಿಗೆ?"

"ನಾನೇ ಕಣಪ್ಪ. ನಾನಿದ್ದೀನಿ ಅಂತ ಇನ್ಯಾವತ್ತೂ ಇಳೀಬೇಡ. ಬೀಗ ಹಾಕು."

ಅವನು ಜೇಬಿನಿಂದ ಬೀಗ ತೆಗೆದ. ಹಿಟ್ಟು ಮೆತ್ತಿದ ಕೈಯಿಂದ ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಡಲೆಂದು ಬಗ್ಗಿದ ಅತ್ತಿಗೆ ಅವನ ಬೂಟಿಲ್ಲದ ಪಾದ ಹಿಡಿದು ಅಲ್ಲೇ ಕೂತುಬಿಟ್ಟಳು.